ಕೆಳಗೆ ಹೋದ ಗೋಲು

ಸವರಿಮುತ್ತು ತೀರಿಕೊಂಡ ಸುದ್ದಿ ಬಂದಾಗ
ಏಳುಮಲೈ ಯಾರದೋ ಅರ್ಧ ಗಡ್ಡ ಹೆರೆದಿದ್ದ.
ಕತ್ತಿ ಒರೆಸಿಟ್ಟು, ಇನ್ನರ್ಧ ನಾಳೆ, ಅಂದ.
ಗಿರಾಕಿಯೂ ಹಾಗೇ ಎದ್ದು ಬಂದ,
ಒಂದು ಕೆನ್ನೆಯಲ್ಲಿ ಸೋಪು ಒಣಗಿಸಿಕೊಂಡು,
ಮಾರಿಕುಪ್ಪಂ ಲೈನು ಮನೆಯ ಬಾಗಿಲಿಗೆ.

ಬೆಂಚು ಸಾಲದೆ ಕಲ್ಲಿನ ಮೇಲೆ ಕೂತೆವು.
ಎದುರಿಗೆ ಸೈನೈಡ್ ದಿಬ್ಬ,
ಅದರ ಬುಡಕ್ಕೆ ಗ್ರೌಂಡು, ಈಗ ಬರೀ ಜಾಲಿ.
ಗೋಲು ಕಂಬ ಒಂದೇ ಉಳಿದಿದೆ,
ಅದಕ್ಕೆ ಯಾರೋ ಎಮ್ಮೆ ಕಟ್ಟಿದ್ದಾರೆ.

ಮಾತು ಶುರುವಾಗಿದ್ದು ಆ ಒಂದು ಗೋಲಿನಿಂದ.
ಇನ್ನಾವುದರಿಂದ ಶುರುವಾದೀತು?
"ಎಡಗಾಲು" ಅಂದ ಸೈಕಲ್ ಶಾಪಿನ ಖಲೀಲ್.
"ಮೊಣಕಾಲು ಕಣೋ. ಹತ್ತು ಮಾರು ದೂರದಲ್ಲಿದ್ದೆ ನಾನು."
"ಹತ್ತು ಮಾರು! ಅವತ್ತು ನೀನು
ಆಂಡರ್‌ಸನ್‌ಪೇಟೆಗೆ ಹೆಣ್ಣು ನೋಡೋಕೆ ಹೋಗಿದ್ದೆ."
ಅಳೋದಕ್ಕೆ ಬಂದವರು ಜಗಳಕ್ಕೆ ನಿಂತೆವು,
ಕನ್ನಡದಲ್ಲಿ ಒಂದು ಬೈಗುಳ, ತಮಿಳಲ್ಲಿ ಎರಡು,
ತೆಲುಗಿನದು ಒಂದು, ಲೆಕ್ಕಕ್ಕೆ.
ಮಗಳು ಸೆಲ್ವಿ ಟೀ ಲೋಟ ಇಟ್ಟು ಹೋದಳು.
ನಕ್ಕಳೇನೋ, ಸೆರಗು ಅಡ್ಡವಿತ್ತು.

ಡಿಕ್ರೂಜ್ ಮೇಷ್ಟ್ರು ಆಮೇಲೆ ಬಂದರು.
ಎಂಬತ್ತನಾಲ್ಕು ವಯಸ್ಸು, ಉಣ್ಣೆ ಕೋಟು,
ಜೇಬಲ್ಲಿ ಇನ್ನೂ ಆ ಸೀಟಿ.
ನಿಂತೇ ಹೇಳಿದರು:
"ಅದು ಆಫ್‌ಸೈಡು."

ಎಮ್ಮೆ ಕಿವಿ ಬಡಿದಿದ್ದು ಕೇಳಿಸಿತು.

"ನಲವತ್ತಾರು ವರ್ಷದಿಂದ ಗೊತ್ತು ನನಗೆ.
ಸೀಟಿ ಬಾಯಲ್ಲೇ ಇತ್ತು.
ನೀವು ಕೂಗಿಬಿಟ್ಟಿರಿ. ಅಷ್ಟರಲ್ಲಿ
ಆ ಹಾಳು ಬೆಲ್ಲೂ ಹೊಡೆದುಬಿಟ್ಟಿತು.
ಕೆಳಗೆ ಹೋದ ಗೋಲನ್ನ
ವಾಪಸ್ ತರೋದು ಹೇಗೆ?"

ಅದು ಹೇಗೆ ಹೋಗುತ್ತಿತ್ತು, ಈಗಿನವರಿಗೆ ಹೇಳಬೇಕು.
ಗ್ರೌಂಡಿನಿಂದ ಒಬ್ಬ ಹುಡುಗ ಶಾಫ್ಟಿಗೆ ಓಡಬೇಕು.
ಆ ಹುಡುಗ ನಾನು.
ಎಂಜಿನ್ನಿನವನು ಯಾರೂ ಇಲ್ಲದಾಗ ಬೆಲ್ಲು ಒತ್ತಬೇಕು,
ಕೆಳಗಿನವನು ಸುತ್ತಿಗೆ ತಗೊಂಡು
ಗಾಳಿ ಪೈಪಿಗೆ ಮೂರು ಪೆಟ್ಟು.
ಆ ಪೆಟ್ಟು ಪೈಪಿನುದ್ದಕ್ಕೂ ನಡೆದು
ಏಳು ಸಾವಿರ ಅಡಿಯಲ್ಲಿ
ಬರಿಮೈಯಲ್ಲಿ ಬಂಡೆ ಕೊರೆಯುತ್ತಿದ್ದವರ ಬೆನ್ನಿಗೆ ತಾಗಬೇಕು.

ನಮ್ಮಪ್ಪ ಮುನಿವೆಂಕಟಪ್ಪ, ಸೆಕೆಂಡ್ ಶಿಫ್ಟು.
ಸವರಿಮುತ್ತು ಆಡಿದ ಹನ್ನೊಂದು ವರ್ಷವೂ
ಶನಿವಾರದ ಮ್ಯಾಚಿಗೆ ಅಪ್ಪ ಭೂಮಿಯೊಳಗೆ.
ಒಂದು ಗೋಲೂ ಕಣ್ಣಲ್ಲಿ ಕಂಡವನಲ್ಲ.
ರಾತ್ರಿ ಮೇಲೆ ಬಂದು, ತಲೆಗೆ ನೀರು ಹುಯ್ಕೊಂಡು,
ಮುದ್ದೆ ಮುರಿಯುತ್ತ ಹೇಳುತ್ತಿದ್ದ:
ಬೆನ್ನು ಕೊಟ್ಟು ನಿಂತಿದ್ದ, ತಿರುಗಿದ,
ಎಡಗಾಲಲ್ಲಿ ಹೀಗೆ, ಹೀಗೆ ಎತ್ತಿದ.
ಪೆಟ್ಟಿನ ಸದ್ದಲ್ಲೇ ಗೊತ್ತಾಗುತ್ತೆ ಅಂತಿದ್ದ.
ಪಕ್ಕದ ಮನೆಯವರೂ ತಟ್ಟೆ ಹಿಡಿದು ಬಂದು ಕೇಳುತ್ತಿದ್ದರು.
ಗ್ರೌಂಡಲ್ಲಿ ಕಣ್ಣಾರೆ ಕಂಡವರೂ.
ಖಲೀಲನ ಎಡಗಾಲೂ
ಅಪ್ಪನ ಆ ತಟ್ಟೆಯಿಂದ ಎದ್ದಿದ್ದೇ ಇರಬೇಕು.

ಇವತ್ತು ಆಟೋದಲ್ಲಿ ಕರಕೊಂಡು ಬಂದಿದ್ದೆ.
ಎದೆ ತುಂಬ ಕಲ್ಲುಪುಡಿ, ನಾಲ್ಕು ಹೆಜ್ಜೆಗೆ ಒಂದು ಕೆಮ್ಮು.
ಪೆಟ್ಟಿಗೆಯ ಹತ್ತಿರ ಹೋಗಿ ಮುಖ ನೋಡಲಿಲ್ಲ,
ಆ ಮುಖದ ಪರಿಚಯ ಅಪ್ಪನಿಗಿಲ್ಲ.
ಕಾಲಕಡೆ ನಿಂತು ಕೇಳಿದ,
"ಯಾವುದಮ್ಮ ಅದು?"
ಸೆಲ್ವಿ ಬಿಳಿಬಟ್ಟೆ ಸರಿಸಿದಳು.
ಹೆಬ್ಬೆರಳಿಗೆ ಉಗುರಿಲ್ಲ,
ಹಿಮ್ಮಡಿ ಬಿರಿದು ಯಾವುದೋ ಕಾಲವಾಗಿತ್ತು.

ಅಪ್ಪ ತುಂಬ ಹೊತ್ತು ನೋಡಿದ.
"ಇಷ್ಟು ಸಣ್ಣದಾ?"

"ಆರನೇ ನಂಬರು, ಪೆರಿಯಪ್ಪ" ಅಂದಳು ಸೆಲ್ವಿ.
"ಸ್ಕೂಲ್ ಹುಡುಗರ ಬೂಟೇ ತರ್ತಿದ್ವಿ."

ಸಮಾಧಿಗೆ ಮಣ್ಣು ಹಾಕಿ ವಾಪಸ್ ಬರುವಾಗ
ಸಂಜೆ ಗಾಳಿಗೆ ದಿಬ್ಬದ ಬಿಳಿ ಧೂಳು ಎದ್ದಿತ್ತು.
ಹಿಂದಿನ ಆಟೋದಲ್ಲಿ ಅದೇ ಜಗಳ.
ಅಪ್ಪ ಕೆಮ್ಮಿ, ಒರೆಸಿಕೊಂಡು,
ಯಾರೂ ಕೇಳದಿದ್ದರೂ ತೀರ್ಪು ಕೊಟ್ಟ:
"ಮೊಣಕಾಲಲ್ಲ.
ಆಫ್‌ಸೈಡೂ ಅಲ್ಲ. ಮೇಷ್ಟ್ರಿಗೆ ಕಣ್ಣು ಮಂಜು."